ಹಸಿರು ಬಣ್ಣ ಬಳಿದ ಲೇತ್

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
12 ನವೆಂಬರ್ 2024

ಪ್ರೀತಿಯ ಉಚ್ಚೆಂಗಣ್ಣನಿಗೆ ತಮ್ಮ ಪರಶುರಾಮ ಮಾಡುವ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಓಬಕ್ಕತ್ತಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೋ, ಇಲ್ಲ ನೀನು ಎಂದಿನ ಹಾಗೆ "ಏನೂ ಆಗಿಲ್ಲ ಬಿಡು" ಅಂತ ಎದ್ದು ಓಡಾಡುತ್ತೀಯೋ? ಫ್ಯಾಕ್ಟರಿಯ ಸುತ್ತಿಗೆ ಸದ್ದಿಗೆ ನಿನ್ನ ಕಿವಿ ಹೋದಮೇಲೆ ಫೋನಿನಲ್ಲಿ ಕೂಗಿ ಕೂಗಿ ನನಗೂ ಸಾಕಾಗಿದೆ; ಅದಕ್ಕೇ ಈ ಕಾಗದ. ನೀನಿರುವ ಕಡರನಾಯಕನಹಳ್ಳಿ ಏನೂ ದೂರವಲ್ಲ, ಬರಬಹುದಿತ್ತು. ಬರಲಿಲ್ಲ. ಬೈಯಬೇಡ, ಓದು.

ದಣಿದಿದ್ದೇನಣ್ಣಾ. ಹರಿಹರದ ಫ್ಯಾಕ್ಟರಿಯಲ್ಲಿ ನಿನ್ನ ಪಕ್ಕ ನಿಂತು ಮೈಕ್ರೋಮೀಟರ್ ಹಿಡಿಯಲು ಕಲಿತವನು, ಮೆಕ್ಯಾನಿಕಲ್ ಓದಿ, ಪಿಎಚ್‌.ಡಿ. ಮಾಡಿ, ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ವಿಭಾಗದ ಮುಖ್ಯಸ್ಥನಾಗಿ ಈಗ ಮಾಡುತ್ತಿರುವ ಕೆಲಸವೇನು ಗೊತ್ತೇ? ಕಾಗದಕ್ಕೆ ತೂತು ಹೊಡೆದು ಫೈಲಿಗೆ ಪೋಣಿಸುವುದು. ಈ ವರ್ಷ ನಮ್ಮ ಬ್ರಾಂಚಿಗೆ ಸೇರಿದವರು ಒಂಬತ್ತೇ ಮಂದಿ. ಎಲ್ಲರಿಗೂ ಕಂಪ್ಯೂಟರ್ ಬೇಕು. ಕಬ್ಬಿಣವನ್ನು ತಿರುಗಿಸಿ ಕಡೆಯುವ ಆ ಲೇತ್ ಯಂತ್ರವನ್ನು ನಾನು ಮುಟ್ಟಿಯೇ ಹನ್ನೊಂದು ವರ್ಷವಾಯಿತು. ನಿನ್ನ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೋದ ವಾರ ಇನ್‌ಸ್ಪೆಕ್ಷನ್ ಇತ್ತು. ಇನ್‌ಸ್ಪೆಕ್ಷನ್ ಎಂದರೆ ನಮ್ಮಲ್ಲಿ ಮೊದಲು ಬರುವವನು ಪೇಂಟರ್. ಹಳೇ ಯಂತ್ರಗಳಿಗೆಲ್ಲ ಹಸಿರು ಬಣ್ಣ. ನಾನು ಫೈಲುಗಳ ನಡುವೆ ಮುಳುಗಿ ಕೂತಿದ್ದೆ. ಅವನು ಬಾಗಿಲಲ್ಲಿ ನಿಂತು, "ಲೇತಿಗೆ ಎಲ್ಲೆಲ್ಲಿ ಹೊಡೀಲಿ ಸಾರ್?" ಅಂದ. ತಲೆಯೆತ್ತದೆ, "ಎಲ್ಲಾ ಹೊಡೀಪಾ" ಅಂದುಬಿಟ್ಟೆ. ಪುಣ್ಯಾತ್ಮ ಎಲ್ಲಾ ಹೊಡೆದ! ಉಳಿ ಹೊತ್ತ ಕ್ಯಾರೇಜ್ ಜಾರಬೇಕಾದ ನುಣುಪು ಹಳಿಗಳನ್ನೂ ಬಿಡಲಿಲ್ಲ. ತಡೆಯಬೇಕಾದ ನಮ್ಮ ವರ್ಕ್‌ಶಾಪಿನ ಬಡೇಸಾಬ್ ಆ ಎರಡು ದಿನ ರಜೆಯಲ್ಲಿದ್ದ. ಸಮಿತಿಯವರು "ಚಾಲೂ ಮಾಡ್ರಿ ನೋಡೋಣ" ಅಂದಾಗ ಕ್ಯಾರೇಜ್ ಕಚ್ಚಿಕೊಂಡು ಕೂತಿತು. ಹಿರಿಯರೊಬ್ಬರು ಉಗುರಿನಿಂದ ಬಣ್ಣ ಕೆರೆದು ನನ್ನ ಮುಖ ನೋಡಿದರು.

ಈಗ ಮ್ಯಾನೇಜ್‌ಮೆಂಟಿಗೆ ತಪ್ಪು ಹೊರಿಸಲು ಒಂದು ಹೆಸರು ಬೇಕು. ವರ್ಕ್‌ಶಾಪ್ ನೋಡಿಕೊಳ್ಳುವವನು ಬಡೇಸಾಬ್, ಇದು ಅವನ ನಿರ್ಲಕ್ಷ್ಯ ಎಂದು ವರದಿಯನ್ನು ಅವರೇ ಟೈಪ್ ಮಾಡಿಸಿ ಕೊಟ್ಟಿದ್ದಾರೆ. ನನ್ನ ಸಹಿಯೊಂದೇ ಬಾಕಿ. ಸಹಿ ಬಿದ್ದರೆ ಅವನು ಮನೆಗೆ. ಬೀಳದಿದ್ದರೆ ನಾನು, ಅದೂ ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ. ನಿನ್ನ ಜೊತೆ ದುಡಿದವನು ಅವನು. ಫ್ಯಾಕ್ಟರಿ ಕೆಲಸ ಹೋದಾಗ ನೀನೇ ಕರೆದುಕೊಂಡು ಬಂದು, "ನಮ್ಮವ, ನೋಡ್ಕ" ಎಂದು ನನಗೆ ಒಪ್ಪಿಸಿದ್ದೆ. ಇಂದಿಗೂ ಅವನು ಗುತ್ತಿಗೆ ನೌಕರನೇ; ಅದನ್ನಾದರೂ ಕಾಯಂ ಮಾಡಿಸಲು ನನ್ನಿಂದ ಆಗಲಿಲ್ಲ. ಏನು ಮಾಡಲಿ ಎಂದು ಯೋಚಿಸುತ್ತಿದ್ದೇನೆ.

ನೇತ್ರಾವತಿ ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಅತ್ತಿಗೆಗೆ ನಮಸ್ಕಾರ ತಿಳಿಸು, ಮೊಮ್ಮಕ್ಕಳಿಗೆ ಆಶೀರ್ವಾದ. ಚಳಿ ಶುರುವಾಗಿದೆ, ತಣ್ಣೀರು ಸ್ನಾನದ ಹಟ ಬಿಡು.

ನಿನ್ನ ತಮ್ಮ,
ಪರಶುರಾಮ

ವಿ.ಸೂ.: ಯೋಚಿಸುತ್ತಿದ್ದೇನೆ ಎಂದದ್ದು ಸುಳ್ಳಣ್ಣಾ. ಶನಿವಾರವೇ ಸಹಿ ಹಾಕಿಬಿಟ್ಟೆ. ತನ್ನನ್ನು ತೆಗೆದುಹಾಕಿದ್ದು ಪ್ರಿನ್ಸಿಪಾಲರ ಕೆಲಸವೆಂದೇ ಬಡೇಸಾಬ್ ತಿಳಿದಿದ್ದಾನೆ. ನಿನ್ನೆ ಮನೆಗೆ ಬಂದು, "ನೀವಿದ್ರಿ ಅಂತ ಇಷ್ಟ್ ವರ್ಷ ನಡೀತು ಸಾರ್" ಎಂದು ನನ್ನ ಕೈ ಹಿಡಿದುಕೊಂಡ. ಭಾನುವಾರ ನಿನ್ನನ್ನು ನೋಡಲು ಬರುತ್ತಾನಂತೆ. ಈ ಕಾಗದ ಅವನ ಕೈಗೆ ಕೊಡು. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ.