ಬೆರಣಿ ಇಟ್ಟ ಜಾಗ

೧೨-೧-೧೯೯೭, ಭಾನುವಾರ

ಹಾಲು ತಡ. ಮಾರಮ್ಮನ ಹಸು ಒದ್ದು ಚೆಂಬು ಉರುಳಿಸಿತಂತೆ. ಕಾಫಿ ಇಲ್ಲದೆಯೇ ಒಂಬತ್ತನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕ ತಿದ್ದಲು ಕೂತೆ. ಐವತ್ತೆರಡು ಹೂಜಿ. ಒಂದಕ್ಕೂ ಎಡ ಬಲ ಸಮ ಇಲ್ಲ. ಎಲ್ಲರಿಗೂ ಹತ್ತಕ್ಕೆ ನಾಲ್ಕು. ಕಾಫಿ ಕುಡಿದಿದ್ದರೆ ಐದು ಕೊಡುತ್ತಿದ್ದೆನೋ ಏನೋ.

ಸಂಜೆ ನಾಲ್ಕಕ್ಕೆ ಡೈರಿ ಮುಂದೆ ನಮ್ಮ ಕೋಡಿಬೀದಿಯವರ ಮೀಟಿಂಗು. ಹಾಸನದ ಯಾವುದೋ ಸಂಸ್ಥೆಯಿಂದ ಹಂಸ ಎನ್ನುವ ಹುಡುಗಿ ಬಂದಿದ್ದಳು. ಇನ್ನು ಮೇಲೆ ಬೀದಿಯ ಪ್ಲಾನು ಬೀದಿಯವರೇ ಮಾಡಿ ಪಂಚಾಯ್ತಿ ಆಫೀಸಿಗೆ ಕೊಡಬಹುದಂತೆ — ಚರಂಡಿ ಎಲ್ಲಿ, ದೀಪ ಎಲ್ಲಿ, ರಸ್ತೆ ಎಷ್ಟಗಲ, ಎಲ್ಲ ನಾವೇ. ಸಿಮೆಂಟ್ ಅಂಗಡಿ ತಿಮ್ಮಪ್ಪ ಕೇಳಿದ, "ಅಂಗಾರೆ ಇಂಜಿನಿಯರ್‌ಗೆ ಸಂಬಳ ಯಾಕೆ ಕೊಡ್ತಾರೆ ಕಣಮ್ಮ?" ಬೀದಿಯ ಮುಕ್ಕಾಲು ಜಾಗ ಒಂದು ಕಾಲಕ್ಕೆ ಅವರಪ್ಪನ ಹೊಲ. ಅವನು ನಕ್ಕರೆ ಎಲ್ಲರೂ ನಗಬೇಕು. ನಕ್ಕರು. ಹುಡುಗಿ ಮಾತ್ರ ಅಲ್ಲಾಡಲಿಲ್ಲ. ಮುಂದಿನ ಭಾನುವಾರ ಎಲ್ಲ ಹೆಂಗಸರೂ ರಂಗೋಲಿ ಪುಡಿ ತರಬೇಕು ಎಂದಳು.

ಪ್ಲಾನಿಗೆ ರಂಗೋಲಿ ಪುಡಿ! ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ಇದನ್ನು ಕೇಳಿರಲಿಲ್ಲ.

೧೯-೧-೯೭, ಭಾನುವಾರ

ಒಪ್ಪಿಕೊಳ್ಳುತ್ತೇನೆ. ಚೆನ್ನಾಗಿತ್ತು.

ಡೈರಿ ಮುಂದಿನ ಬಯಲು ಗುಡಿಸಿ ನೀರು ಹಾಕಿದರು. ಗಂಡಸರು ದೂರ ನಿಲ್ಲಬೇಕು, ಮೊದಲು ಹೆಂಗಸರು ಎಳೆಯಬೇಕು ಅಂದಳು ಹಂಸ. ಗೋದಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟಳು. ನನ್ನ ಹೆಂಡತಿಗೆ ಇಷ್ಟು ಧೈರ್ಯ ಇದೆ ಎಂದು ನನಗೇ ಗೊತ್ತಿರಲಿಲ್ಲ. ಬೀದಿ, ಬಾವಿ, ನಲ್ಲಿ, ಡೈರಿ, ಕೆರೆಕೋಡಿಯ ಕಡೆ ಇಳಿಜಾರು... ಅರ್ಧ ಗಂಟೆಯಲ್ಲಿ ನೆಲದ ಮೇಲೆ ನಮ್ಮ ಬೀದಿ.

ಪ್ರತಿ ಮನೆಯವರೂ ತಮ್ಮ ಮನೆಯ ಜಾಗದಲ್ಲಿ ಏನಾದರೊಂದು ಇಡಬೇಕು. ನಮ್ಮದು ಕಾಫಿ ಫಿಲ್ಟರಿನ ಮುಚ್ಚಳ. ತಿಮ್ಮಪ್ಪ ಬೀಗದ ಕೈ ಗೊಂಚಲನ್ನೇ ಇಟ್ಟ. ಮಾರಮ್ಮ ಓಡಿಹೋಗಿ ಒಂದು ಬೆರಣಿ ತಂದಳು. "ನನ್ತಾವ ಇನ್ನೇನೈತೆ? ಇದೇ ನನ್ ಮನೆ ಬುಡಿ." ಎಲ್ಲರೂ ನಕ್ಕರು. ಅವಳೇ ಎಲ್ಲರಿಗಿಂತ ಜಾಸ್ತಿ ನಕ್ಕಳು.

ಅವಳ ಮನೆ ಇರುವುದು ತಿರುವಿನಲ್ಲಿ. ಒಂದೇ ಅಂಕಣ, ಪಕ್ಕಕ್ಕೆ ಕೊಟ್ಟಿಗೆ. ಗಂಡ ಬದುಕಿದ್ದಾಗ ಪಟೇಲರ ಬಾಯಿಮಾತಿನ ಮೇಲೆ ಕಟ್ಟಿದ್ದು. ಖಾತೆ ಇಲ್ಲ, ಕಾಗದ ಇಲ್ಲ. ಬೀದಿ ಅಲ್ಲಿ ಅವಳ ಮನೆಯನ್ನು ಬಳಸಿಕೊಂಡು ಹೋಗುತ್ತದೆ. ಗೋದಮ್ಮನ ರಂಗೋಲಿಯಲ್ಲೂ ಹಾಗೇ. "ಏನಿದು, ಗೆರೆಗೆ ಹೊಟ್ಟೆ ಬಂದಿದೆ" ಎಂದೆ. "ಬೀದಿ ಇರೋದೇ ಹಾಗಲ್ವಾ" ಎಂದಳು.

ಆಮೇಲೆ ಮನೆಗೆ ಐದೈದು ಹುಣಿಸೆಬೀಜ. ಯಾವುದು ಮೊದಲು ಬೇಕೋ ಅಲ್ಲಿ ಇಡುವುದು. ಚರಂಡಿಗೆ ಹೆಚ್ಚು ಬೀಜ, ಆಮೇಲೆ ಇಪ್ಪತ್ತಡಿ ರಸ್ತೆ, ಆಮೇಲೆ ದೀಪ. ಮಾರಮ್ಮ ಐದೂ ಬೀಜ ಚರಂಡಿಗೇ ಇಟ್ಟಳು. ಅವಳದು ಎತ್ತರದ ಮನೆ, ನೀರು ನಿಲ್ಲುವುದೇ ಇಲ್ಲ. ಕೇಳಿದರೆ, "ಮಳೆ ಬಂದ್ರೆ ಜಯಲಕ್ಷ್ಮಮ್ಮೋರ ಅಡಿಗೆಮನೇಗೆ ನುಗ್ತದಲ್ಲ, ಪಾಪ."

ನೆಲದ ಮೇಲಿನದನ್ನು ಕಾಗದಕ್ಕೆ ಇಳಿಸುವ ಕೆಲಸ ನನಗೆ. ಮತ್ತೆ ಯಾರಿಗೆ?

೨-೨-೯೭, ಭಾನುವಾರ

ಹಾಸನದಿಂದ ಟ್ರೇಸಿಂಗ್ ಶೀಟು, ಹೊಸ ನಿಬ್ಬು, ಕಪ್ಪು ಇಂಕು. ಪೆನ್ಸಿಲ್ ಕೆಲಸ ಅರ್ಧ. ಮಗಳು ಸಂಹಿತಾ ಟೇಪಿನ ಇನ್ನೊಂದು ತುದಿ ಹಿಡಿದಳು. ದಾರಿಯುದ್ದಕ್ಕೂ ಗೊಣಗಾಟ — ಯಾರಾದರೂ ಗೆಳತಿಯರು ನೋಡಿಬಿಟ್ಟರೆ ಅಂತೆ.

ಇವಳು ಹುಟ್ಟುವಾಗ ಡಾಕ್ಟರಿಗಿಂತ ಮುಂಚೆ ಬಂದವಳು ಮಾರಮ್ಮ. ಅವಳ ಮನೆ ಮುಂದೆ ಅಳೆಯುವಾಗ ಮಜ್ಜಿಗೆ ಕೊಟ್ಟಳು.

೧೬-೨-೯೭, ಭಾನುವಾರ, ಮಧ್ಯಾಹ್ನ ಮೂರು

ಇಂಕಿಂಗ್ ಮುಗಿಯಿತು. ಮೂರು ಭಾನುವಾರದ ಕೆಲಸ. ಬೆನ್ನು ಬಿದ್ದುಹೋಗಿದೆ.

ಒಂದು ವಿಷಯ. ತಿರುವಿನ ಹತ್ತಿರ ರಸ್ತೆ ಎರಡೂ ಕಡೆಯಿಂದ ನೆಟ್ಟಗೆ ಬಂದಿತ್ತು. ನಡುವೆ ಆ ಹೊಟ್ಟೆ. ಕಣ್ಣಿಗೆ ಕಿರಿಕಿರಿ. ಬಾಗುಗೆರೆಗೆ ಕರ್ವ್ ಇಟ್ಟು ನೋಡಿದೆ, ಕೂರಲಿಲ್ಲ. ಸ್ಕೇಲ್ ಇಟ್ಟೆ. ಎಳೆದುಬಿಟ್ಟೆ. ಎಂಥ ಗೆರೆ! ಈ ತುದಿಯಿಂದ ಆ ತುದಿಗೆ ಒಂದೇ ಉಸಿರು.

ಆಮೇಲೆ ನೋಡಿದೆ. ಮಾರಮ್ಮನ ಮನೆ ರಸ್ತೆಯೊಳಗೆ ಬಿದ್ದಿದೆ. ಪೆನ್ಸಿಲಿನ ಚೌಕ ಇತ್ತು, ರಬ್ಬರಿನಿಂದ ಉಜ್ಜಿದೆ. ಇಂಕು ಹೋಗುವುದಿಲ್ಲ. ಬ್ಲೇಡಿನಲ್ಲಿ ಕೆರೆದರೆ ಶೀಟು ಹರಿಯುತ್ತದೆ. ಹೊಸ ಶೀಟಿಗೆ ಮತ್ತೆ ಮೂರು ಭಾನುವಾರ. ಕೊಡಬೇಕಾದ್ದು ಇಪ್ಪತ್ನಾಲ್ಕಕ್ಕೆ.

ಹೋಗಲಿ. ಇದನ್ನು ಹಿಡಿದುಕೊಂಡು ಯಾರು ಅಳೆಯುತ್ತಾರೆ? ಹತ್ತು ವರ್ಷದಿಂದ ಕೊಡುತ್ತಾ ಬಂದ ಚರಂಡಿ ಅರ್ಜಿಯನ್ನೇ ಯಾರೂ ಓದಿಲ್ಲ.

೨೩-೨-೯೭, ಭಾನುವಾರ

ನಲವತ್ತೊಂದು ಮನೆಯ ಸಹಿ ಆಯಿತು. ಎಲ್ಲರೂ ಶೀಟು ನೋಡಿ ಬೆರಗು. "ಅಚ್ಚು ಹಾಕ್ದಂಗೈತೆ" ಎಂದ ತಿಮ್ಮಪ್ಪ.

ಕೊನೆಗೆ ಮಾರಮ್ಮ. ಕೈ ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದಳು. "ಇದ್ರಲ್ಲಿ ನನ್ ಮನೆ ಎಲ್ಲೈತೆ ಮೇಷ್ಟ್ರೇ?"

ಹಿಂದೆ ಜನ ನಿಂತಿದ್ದರು. "ಇಲ್ಲೇ" ಎಂದು ಬೆರಳಿಟ್ಟೆ.

ಸಹಿಯ ಜಾಗ ಬಿಟ್ಟು ಅಲ್ಲೇ, ನನ್ನ ಬೆರಳಿದ್ದ ಕಡೆಯೇ ಹೆಬ್ಬೆಟ್ಟು ಒತ್ತಿಬಿಟ್ಟಳು. ರಸ್ತೆಯ ನಡುವೆ ನೇರಳೆ ಗುರುತು. ಶೀಟು ಹಾಳಾಯಿತಲ್ಲ ಎಂದು ಸಿಟ್ಟು ಬಂತು. ಸಿಟ್ಟು ಬಂದದ್ದು ಅದಕ್ಕೆ ಮಾತ್ರ.

೧೧-೬-೯೮

ಮಳೆ ಶುರು. ಜಯಲಕ್ಷ್ಮಮ್ಮನ ಅಡಿಗೆಮನೆಯಲ್ಲಿ ಮೊಣಕಾಲು ನೀರು. ಗೋದಮ್ಮ, ಮಾರಮ್ಮ ಇಬ್ಬರೂ ಬಕೆಟ್ ಹಿಡಿದು ಹೋದರು. ಪ್ಲಾನಿನ ಸುದ್ದಿ ಇಲ್ಲ. ಹಂಸ ಆ ಕೆಲಸ ಬಿಟ್ಟು ಮದುವೆಯಾದಳಂತೆ.

೬-೯-೯೯, ಸೋಮವಾರ

ಆಫೀಸಿನಿಂದ ಹೊಸ ಇಂಜಿನಿಯರ್ ಬಂದ. ಕೈಯಲ್ಲಿ ನೀಲಿ ಪ್ರಿಂಟು — ನನ್ನ ಪ್ಲಾನು! ಸ್ಯಾಂಕ್ಷನ್ ಆಗಿದೆ. ರೋಮಾಂಚನವಾಯಿತು, ಸುಳ್ಳು ಯಾಕೆ ಬರೆಯಲಿ. "ಯಾರು ಸಾರ್ ಬರೆದದ್ದು? ನಮ್ಮ ಡಿಪಾರ್ಟ್‌ಮೆಂಟಲ್ಲೂ ಈ ಕೈ ಇಲ್ಲ" ಎಂದ. ನಾನು ಎಂದೆ. ಕೈ ಕುಲುಕಿದ.

ಆಮೇಲೆ ಟೇಪು ಹಿಡಿದರು. ತಿರುವಿಗೆ ಬಂದರು. ಮಾರಮ್ಮನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಇಂಟು ಮಾರ್ಕು.

ಸಂಜೆ ಹಾಲು ತಂದವಳು ಕೇಳಿದಳು. "ಯಾವ್ ಲೆಕ್ಕುಕ್ಕೆ ಗುರ್ತು ಆಕವ್ರೆ ಮೇಷ್ಟ್ರೇ? ಪೋಲಿಯೋದಾ? ನಮ್ಮನೇಲಿ ಮಕ್ಳಿಲ್ಲ ಅಂದೆ, ಕೇಳ್ನಿಲ್ಲ."

ವಿಚಾರಿಸುತ್ತೇನೆ ಎಂದೆ.

೮-೯-೯೯

ರಜೆ ಹಾಕಿ ಆಫೀಸಿಗೆ ಹೋದೆ. ಮನೆ ಇದೆಯಪ್ಪಾ ಅಲ್ಲಿ ಎಂದೆ. ಇಂಜಿನಿಯರ್ ಒಳ್ಳೆಯವನೇ. ಕುರ್ಚಿ ಕೊಟ್ಟ.

"ಸಾರ್, ಬೇರೆ ಪ್ಲಾನಾಗಿದ್ರೆ ನಾನೇ ತಿದ್ತಿದ್ದೆ. ಇದು ಜನರೇ ಮಾಡಿದ್ದು. ನಾವು ಒಂದಿಂಚು ಮುಟ್ಟೋ ಹಾಗಿಲ್ಲ. ಮನೇನ ನೀವೇ ತೋರಿಸಿಲ್ಲ. ಖಾತೆನೂ ಇಲ್ಲ. ಇಲ್ನೋಡಿ, ಆ ಹೆಂಗಸೇ ರಸ್ತೆ ಮೇಲೆ ಹೆಬ್ಬೆಟ್ಟು ಒತ್ತಿದಾರೆ. ಇದಕ್ಕಿಂತ ಒಪ್ಪಿಗೆ ಬೇಕಾ?"

ಆ ನೇರಳೆ ಗುರುತು. ಪ್ರಿಂಟಿನಲ್ಲಿ ಕಪ್ಪಗೆ ಕಾಣುತ್ತದೆ.

ಬದಲಾಯಿಸಬೇಕಾದರೆ ಹೊಸ ಶೀಟು, ಅದೇ ನಲವತ್ತೊಂದು ಸಹಿ. ತಿಂಗಳ ಕೊನೆಯೊಳಗೆ.

೧೨-೯-೯೯, ಭಾನುವಾರ

ಹೊಸ ಶೀಟು ಬರೆದೆ. ಬೆಳಿಗ್ಗೆ ಆರಕ್ಕೆ ಕೂತೆ, ಸಂಜೆ ಐದಕ್ಕೆ ಎದ್ದೆ. ತಿರುವು, ಮನೆ, ಕೊಟ್ಟಿಗೆ, ಎಲ್ಲ ಬಂತು. ಮೂರು ಭಾನುವಾರ ಬೇಕು ಎಂದು ಬರೆದಿದ್ದೆನಲ್ಲ ಅವತ್ತು. ಒಂದು ದಿನದಲ್ಲಿ ಮುಗಿಯಿತು.

ಗೋದಮ್ಮ ಎರಡು ಸಲ ಕಾಫಿ ತಂದಿಟ್ಟಳು. ಎರಡೂ ಆರಿತು.

೧೯-೯-೯೯

ಮನೆ ಮನೆ ತಿರುಗಿದೆ. ಹದಿನಾಲ್ಕು ಸಹಿ.

ತಿರುವಿನ ಎದುರಿಗೇ ತಿಮ್ಮಪ್ಪನ ಹೊಸ ಗೋಡೌನು. "ರಸ್ತೆ ಬಳಸ್ಕಂಡು ಓದ್ರೆ ಲಾರಿ ತಿರುಗಾಕಿಲ್ಲ ಮೇಷ್ಟ್ರೇ. ನೀವೇ ಎಳೆದ ಗೆರೆ, ಈಗ ನೀವೇ ಬ್ಯಾಡ ಅಂದ್ರೆ ಎಂಗೆ? ಸುಮ್ಕಿರಿ. ಅವ್ಳಿಗೆ ರಾಮನಾಥಪುರದಲ್ಲಿ ತಮ್ಮ ಅವ್ನೆ."

ಜಯಲಕ್ಷ್ಮಮ್ಮ ಬಾಗಿಲಲ್ಲೇ ಅತ್ತರು. "ಮತ್ತೆ ಸಹಿ ಅಂದ್ರೆ ಕೆಲಸಾನೇ ನಿಂತುಹೋಗತ್ತಂತೆ. ಇನ್ನೊಂದು ಮಳೆಗಾಲ ನನ್ನ ಕೈಲಾಗಲ್ಲ ಮೇಷ್ಟ್ರೇ. ಮಾರಮ್ಮಂಗೆ ನಾನು ಹೀಗಂದೆ ಅಂತ ಹೇಳ್ಬೇಡಿ." ಬೈಯಲು ಹೋದೆ. ಯಾವ ಬಾಯಲ್ಲಿ ಬೈಯಲಿ? ಐದು ಹುಣಿಸೆಬೀಜದ ವಿಷಯ ನಾಲಿಗೆಯ ತುದಿಗೆ ಬಂದು ನಿಂತಿತು. ಮುಂದಿನ ಮನೆಗೆ ನಡೆದೆ.

೩೦-೯-೯೯

ಹಾಸನದ ದೊಡ್ಡ ಆಫೀಸಿಗೂ ಹೋಗಿ ಬಂದೆ. ನಾಲ್ಕನೇ ಸಲ. ಇಪ್ಪತ್ತಮೂರು ಸಹಿ. ಸಾಲದು.

೪-೧೦-೯೯, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಜೆಸಿಬಿ. ಎಂಟೂ ಇಪ್ಪತ್ತಕ್ಕೆ ಮನೆ ಇಲ್ಲ.

ಸಾಮಾನು ಎಷ್ಟು ಕಡಿಮೆ. ಎರಡು ಟ್ರಂಕು, ಒರಳು, ಗಂಡನ ಫೋಟೋ, ಹಾಲಿನ ಕ್ಯಾನು. ಗೋಡೆಗೆ ತಟ್ಟಿದ್ದ ಬೆರಣಿಗಳನ್ನು ನಿನ್ನೆಯೇ ಕಿತ್ತು ಚೀಲಕ್ಕೆ ತುಂಬಿದ್ದಳು. ಗೋದಮ್ಮ ಹಸುವಿನ ಹಗ್ಗ ಹಿಡಿದು ನಿಂತಿದ್ದಳು. ಬೀದಿಯವರೆಲ್ಲ ಇದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಹೊರಡುವ ಮುಂಚೆ ಮಾರಮ್ಮ ನನ್ನ ಹತ್ತಿರ ಬಂದಳು. "ಮೇಷ್ಟ್ರು ನನ್ಗೋಸ್ಕರ ಎಷ್ಟ್ ಅಲೆದ್ರು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಕಾಲು ಸವೆಸ್ಬುಟ್ರು. ಈ ಋಣ ಎಂಗ್ ತೀರಿಸ್ಲಿ ನಾನು."

ಆಗಲೇ ಹೇಳಬೇಕಿತ್ತು. ಕೈ ಮುಗಿದೆ. ಅವಳೂ ಮುಗಿದಳು. ಬೆರಣಿ ಚೀಲ ನಮ್ಮ ಜಗಲಿಯ ಮೇಲಿಟ್ಟು, ಒಲೆಗೆ ಆಗುತ್ತದೆ ಎಂದು ಹೋದಳು.

ಹಸು ನಮ್ಮ ಹಿತ್ತಲಿಗೆ ಬಂತು. ಬೇರೆಯವರಿಗೆ ಕೊಡಲು ಗೋದಮ್ಮ ಬಿಡಲಿಲ್ಲ.

೨೬-೧-೨೦೦೦

ಧ್ವಜಾರೋಹಣ ಆದ ಮೇಲೆ ರಸ್ತೆ ಉದ್ಘಾಟನೆ. ಜನರೇ ಮಾಡಿದ ಪ್ಲಾನು ಎಂದು ಭಾಷಣ. ನನಗೆ ಶಾಲು, ಹಾರ, ನಿಂಬೆಹಣ್ಣು. ಹೊದಿಸಿದವನು ತಿಮ್ಮಪ್ಪ. ಶೀಟಿಗೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತಗುಲಿಸಿದ್ದಾರೆ. ಹೆಬ್ಬೆಟ್ಟು ಸಮೇತ.

ಗೋದಮ್ಮ ಬರಲಿಲ್ಲ. ತಲೆನೋವು ಎಂದಳು. ಶಾಲನ್ನು ಎಲ್ಲಿಡಲಿ ಎಂದರೆ, "ಎಲ್ಲಾದ್ರೂ ಇಡಿ."

ಸಂಜೆ ಹಗ್ಗ ಬಿಚ್ಚಿದರೆ ಹಸು ಹೋಗಿ ಅಲ್ಲೇ ನಿಲ್ಲುತ್ತದೆ, ಡಾಂಬರಿನ ನಡುವೆ. ಲಾರಿ ಹಾರ್ನ್ ಹೊಡೆದರೂ ಕದಲುವುದಿಲ್ಲ. ದಿನಾ ನಾನೇ ಹೋಗಿ ಹಿಡಿದುಕೊಂಡು ಬರಬೇಕು.

೧೬-೭-೨೦೦೦, ಭಾನುವಾರ

ರಾಮನಾಥಪುರಕ್ಕೆ ಹೋಗಿದ್ದೆವು. ಗೋದಮ್ಮನ ಹಟ.

ಮಾರಮ್ಮ ತಮ್ಮನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದಳು. ಕೈ ಕಪ್ಪು, ಅಂಟು. ಅರ್ಧ ಆಗಿದ್ದಾಳೆ. ಮಲಗುವುದು ಅದೇ ಬ್ಯಾರನ್ನಿನ ಚಾವಡಿಯಲ್ಲಿ. ಕೆಮ್ಮು. ನಮ್ಮನ್ನು ನೋಡಿ ಎದ್ದು ಕೂರಿಸಲು ಜಾಗ ಹುಡುಕಿದಳು. ಸಿಗಲಿಲ್ಲ. ಗೋಣಿಚೀಲ ಮಡಿಸಿ ಹಾಕಿದಳು.

ಮೊದಲು ಹಸು ಹೇಗಿದೆ ಎಂದು ಕೇಳಿದಳು. ಆಮೇಲೆ, "ಈ ಮಳೇಲಿ ಜಯಲಕ್ಷ್ಮಮ್ಮೋರ ಮನೇಗೆ ನೀರು ನುಗ್ಗಿಲ್ಲ ತಾನೇ?"

ಇಲ್ಲ ಎಂದೆ.

"ಅಷ್ಟಾಯ್ತಲ್ಲ. ಒಳ್ಳೇದಾಯ್ತು ಬುಡಿ."

ಎದೆ ಒಡೆಯಿತು. ಈ ಪುಸ್ತಕದಲ್ಲಿ ಇಂಥ ಮಾತು ಬರೆದವನಲ್ಲ. ಬೇರೆ ಮಾತು ಸಿಗಲಿಲ್ಲ.

ವಾಪಸ್ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಗೋದಮ್ಮ ಹೇಳಿದಳು. "ನಾನು ಬಳಸಿ ಎಳೆದಿದ್ದೆ."

"ಹೂಂ."

"ಅವಳು ಮನೆ ಎಲ್ಲಿ ಅಂತ ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ನೀವು ಬೆರಳಿಟ್ಟು ತೋರಿಸಿದ್ರಿ. ಅಲ್ಲಿ ಏನಿತ್ತು?"

"ಏನೂ ಇರಲಿಲ್ಲ."

"ನಿಮಗೆ ಅವತ್ತೇ ಗೊತ್ತಿತ್ತಾ?"

ಗೊತ್ತಿತ್ತು ಎಂದೆ. ಹೇಳಲು ಮೂರೂವರೆ ವರ್ಷ ಹಿಡಿಯಿತು.

ಅರಕಲಗೂಡಿನಲ್ಲಿ ಬಸ್ಸು ನಿಂತಾಗ ಗೋದಮ್ಮ ಎದ್ದು ಮುಂದಿನ ಲೇಡೀಸ್ ಸೀಟಿಗೆ ಹೋಗಿ ಕೂತಳು. ಇಳಿಯುವವರೆಗೂ ಅಲ್ಲೇ.

೧೭-೭-೨೦೦೦, ಸೋಮವಾರ, ಬೆಳಿಗ್ಗೆ ಐದೂವರೆ

ಗೋದಮ್ಮ ಕಾಫಿ ಮಾಡಲಿಲ್ಲ. ಬಾಗಿಲಿಗೆ ರಂಗೋಲಿ ಹಾಕಲಿಲ್ಲ. ನನ್ನ ಚೀಲ ತಂದು ಎದುರಿಗಿಟ್ಟಳು.

"ಆರೂವರೆ ಬಸ್ಸಿದೆ. ಅವಳಿಗೆ ನೀವೇ ಹೇಳ್ಬೇಕು. ನಾನು ಬರಲ್ಲ. ಅವಳು ಬರ್ತೀನಿ ಅಂದ್ರೆ ಕರ್ಕೊಂಡು ಬನ್ನಿ, ನಡುಮನೆ ಖಾಲಿ ಮಾಡಿಟ್ಟಿರ್ತೀನಿ. ಬರಲ್ಲ ಅಂದ್ರೆ..." ಅಲ್ಲಿಗೇ ನಿಲ್ಲಿಸಿ ಒಳಗೆ ಹೋದಳು.

ಹೋಗುತ್ತೇನೆ. ಸ್ಕೂಲಿಗೆ ರಜೆ ಬರೆದಾಯಿತು. ಅವಳ ಎದುರು ನಿಂತರೆ ಮತ್ತೆ ಕೈ ಮುಗಿದು ಬಂದುಬಿಡುತ್ತೇನೆ. ಇಲ್ಲೇ ಒಂದು ಸಲ ಬರೆದುಕೊಂಡರೆ ಬಾಯಿಗೆ ಬಂದೀತು.

ಮಾರಮ್ಮ, ನೀನು ಅವತ್ತು ‘ನನ್ನ ಮನೆ ಎಲ್ಲಿ’ ಎಂದು ಕೇಳಿದೆಯಲ್ಲ, ಆಗ ನಾನು —