ಮನೆ ನಂಬರ್ ನೂರ ನಲವತ್ತಮೂರು

ಫೆಬ್ರವರಿ ೧೯, ಭಾನುವಾರ
ಮಧ್ಯಾಹ್ನ ಮೂರು ಗಂಟೆ

ನಮ್ಮ ಮನೆಯ ನಿಜವಾದ ಮುಖ್ಯಸ್ಥೆಗೆ,

ನೀನು ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ನಾನೂ ಕ್ಷೇಮ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕಂಡುಹಿಡಿದ ಮೇಲಂತೂ ಇನ್ನಷ್ಟು ಕ್ಷೇಮ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಮನಸ್ಸಿನಲ್ಲೇ ಬೈದುಕೊಂಡಿದ್ದರೆ, ಬೈದದ್ದು ಸರಿಯಾಗಿಯೇ ಇದೆ. ಫೋನ್ ಮಾಡುತ್ತೇನಲ್ಲ ಎಂದು ವಾದಿಸುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ “ಊಟ ಆಯ್ತಾ?” “ಆಯ್ತು, ನಿಮ್ದು?” ಎಂಬಲ್ಲಿಗೇ ಮುಗಿಸಿಬಿಡುತ್ತೇವೆ. ಇವತ್ತು ರಜೆ, ಮನೆಯಲ್ಲಿ ಸದ್ದಿಲ್ಲ, ಪೆನ್ನಿನಲ್ಲಿ ಶಾಯಿ ಇದೆ. ಹಾಗಾಗಿ ಕುಳಿತೆ.

ಬೇಗ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ “ಶುರುವಾಯ್ತು ಇವರ ಪೀಠಿಕೆ” ಎನ್ನುತ್ತೀಯ. ಜನಗಣತಿ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ನನ್ನ ಪಾಲಿಗೆ ಬಂದದ್ದು ನಮ್ಮ ಬೀದಿ ಮತ್ತು ಅದರ ಹಿಂದಿನ ಎರಡು ಓಣಿ, ಒಟ್ಟು ನೂರ ನಲವತ್ತಮೂರು ಮನೆ. ನೂರ ನಲವತ್ತೆರಡು ಮುಗಿಸಿದೆ. ಉಳಿದಿರುವುದು ನಮ್ಮದೊಂದೇ. ಇದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಒಬ್ಬರನ್ನು ಒಂದೇ ಕಡೆ ಬರೆಯಬೇಕು. ಆರು ತಿಂಗಳು ಎಲ್ಲಿದ್ದರೋ ಅಲ್ಲಿ, ಇಲ್ಲವೇ ಮುಂದೆ ಎಲ್ಲಿ ಇರಬೇಕೆಂದು ಮನಸ್ಸು ಮಾಡಿದ್ದಾರೋ ಅಲ್ಲಿ. ನೀನು “ಎಂಟು ದಿನ ಇದ್ದು ಬರ್ತೀನಿ” ಎಂದು ನಿಮ್ಮಕ್ಕನ ಮನೆಗೆ ಹೋಗಿ ಎಂಟು ತಿಂಗಳಾಯಿತು. ಅಕ್ಕನ ಮಂಡಿಯ ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ, ಅವರು ಈಗ ಮಹಡಿಗೆ ಕೋಲಿಲ್ಲದೆ ಹತ್ತುತ್ತಾರಂತೆ. ನಿಮ್ಮ ಭಾವನೇ ಫೋನಿನಲ್ಲಿ ಹೇಳಿದರು. ಹಾಗಾದರೆ ನಮ್ಮ ಮನೆಯಲ್ಲಿ ಎಷ್ಟು ಜನ ಎಂದು ಬರೆಯಲಿ? ಒಂದೋ, ಎರಡೋ? ಈ ಮನೆಯಲ್ಲಿ ಕೇಳುವವನೂ ನಾನೇ, ಹೇಳುವವನೂ ನಾನೇ. ಆದರೂ ಉತ್ತರ ನನ್ನ ಹತ್ತಿರ ಇಲ್ಲ.

ಅದು ಹಾಗಿರಲಿ. ಈ ಕೆಲಸ ಎಂಥ ಮಜವಾದ ಕೆಲಸ ಗೊತ್ತಾ? ಇಪ್ಪತ್ತೇಳು ವರ್ಷ ಗಣಿತ ಪಾಠ ಮಾಡಿದ ನನಗೆ ಒಂದು, ಎರಡು, ಮೂರು ಎಂದು ಎಣಿಸುವುದು ಇಷ್ಟು ಕಷ್ಟ ಎಂದು ತಿಳಿದಿರಲಿಲ್ಲ. ಇಷ್ಟು ವರ್ಷ ಈ ಬೀದಿಯಲ್ಲಿ ತಲೆ ಬಗ್ಗಿಸಿಕೊಂಡು ಸ್ಕೂಲಿಗೆ ಹೋಗಿ ಬಂದೆನಲ್ಲ, ಒಂದು ಬಾಗಿಲಿನ ಒಳಗೂ ಇಣುಕಿರಲಿಲ್ಲ. ಈಗ ಬೀದಿಯ ಸರಾಸರಿ ತೆಗೆದರೆ ಮನೆಗೆ ನಾಲ್ಕೂಕಾಲು ಜನ. ಆ ಕಾಲು ಮನುಷ್ಯ ಯಾರ ಮನೆಯಲ್ಲಿದ್ದಾನೋ ಎಂದು ನಾನೂ ಹುಡುಕುತ್ತಲೇ ಇದ್ದೇನೆ.

ಮೊದಲ ಪ್ರಶ್ನೆಯೇ ಕುಟುಂಬದ ಮುಖ್ಯಸ್ಥರು ಯಾರು ಎಂದು. ಗಂಡಸರು ಎದೆ ಸೆಟೆಸಿ “ನಾನೇ” ಎನ್ನುತ್ತಾರೆ. ಹಿಂದೆ ನಿಂತ ಹೆಂಡತಿ ಸೆರಗು ಬಾಯಿಗಿಟ್ಟುಕೊಳ್ಳುತ್ತಾಳೆ. ಒಬ್ಬ “ನಾನೇ” ಎಂದವನೇ ಒಳಗೆ ತಿರುಗಿ, “ಏನೇ, ನನ್ನ ವಯಸ್ಸೆಷ್ಟೇ?” ಎಂದು ಕೂಗಿದ. ಕ್ಷೌರದಂಗಡಿಯವನ ಅಜ್ಜಿಯನ್ನು ವಯಸ್ಸು ಕೇಳಿದರೆ, “ನನ್ ಮಗನಿಗಿಂತ ದೊಡ್ಡೋಳು ಅಂತ ಬರ್ಕೋಪ್ಪಾ, ಸಾಕು” ಎಂದಿತು. ಮಗ ಎಷ್ಟರವನು ಎಂದರೆ, “ನನಗಿಂತ ಚಿಕ್ಕೋನು.” ನಾನು ಅಷ್ಟಕ್ಕೇ ಬಿಡುತ್ತೇನೆಯೇ? ಮದುವೆ ಆದಾಗ ಎಷ್ಟು, ಮೊದಲ ಮಗು ಆದಾಗ ಎಷ್ಟು ಎಂದು ಒಂದೊಂದೇ ಕೂಡಿಸಿ ಎಂಬತ್ತೊಂದು ತಂದೆ. ಅಜ್ಜಿ ಗಾಬರಿಯಾಗಿ, “ಅಯ್ಯಯ್ಯೋ, ಅಷ್ಟೊಂದಾ? ಬೆಳಿಗ್ಗೆ ತಾನೇ ಚೆನ್ನಾಗಿದ್ನಲ್ಲೋ!” ಎಂದು ಗೋಡೆಗೆ ಒರಗಿ ಕುಳಿತುಬಿಟ್ಟಿತು. ಪಾಪ, ನನ್ನಿಂದ ಒಂದು ಗಳಿಗೆಯಲ್ಲಿ ಮುದುಕಿಯಾಯಿತು.

ಇನ್ನೊಂದು ಕೇಳು. ಗಣತಿಯ ಪ್ರಕಾರ ಒಂದು ಮನೆ ಎಂದರೆ ಗೋಡೆಯಲ್ಲ, ಅಡುಗೆ. ಯಾರು ಯಾರು ಒಂದೇ ಅಡುಗೆ ಉಣ್ಣುತ್ತಾರೋ ಅವರೆಲ್ಲ ಒಂದು ಕುಟುಂಬ. ಹಿಂದಿನ ಓಣಿಯ ಟೈಲರ್ ಅಣ್ಣತಮ್ಮಂದಿರು ನೆನಪಿದ್ದಾರಲ್ಲ, ನಿನ್ನ ರವಿಕೆಯ ತೋಳು ಗಿಡ್ಡ ಮಾಡಿದ್ದರೆಂದು ಜಗಳ ತೆಗೆದಿದ್ದೆಯಲ್ಲ, ಅವರೇ. ಅವರಿಬ್ಬರಿಗೆ ಮಾತಿಲ್ಲ. ನಡುಮನೆಗೆ ಅಡ್ಡಗೋಡೆ ಹಾಕಿಸಿದ್ದಾರೆ. ಅಣ್ಣ, “ನಾವು ಬೇರೆ, ಅವ್ರು ಬೇರೆ, ಎರಡು ಅಂತ ಬರ್ಕೊಳ್ಳಿ” ಎಂದ. ತಮ್ಮನೂ ಅದನ್ನೇ ಹೇಳಿದ. ಇದೊಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ. ಆದರೆ ನನ್ನ ಸ್ವಭಾವ ನಿನಗೆ ಗೊತ್ತು, ಉತ್ತರ ಸರಿಯೇ ಎಂದು ತಾಳೆ ನೋಡದೆ ಬಿಡುವುದಿಲ್ಲ. ಅವರಿಬ್ಬರೂ ಅತ್ತ ಹೋದದ್ದೇ, ಹೆಂಗಸರಿಗೆ “ಒಲೆ ತೋರಿಸಿ” ಎಂದೆ. ತಮ್ಮನ ಒಲೆಯ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಮಡಚಿ ಇಟ್ಟಿತ್ತು! ಗಂಡಸರು ಅಂಗಡಿಗೆ ಹೋದ ಮೇಲೆ ಓರಗಿತ್ತಿಯರು ಒಂದೇ ಒಲೆಯಲ್ಲಿ ಬೇಯಿಸಿ, ಪಾತ್ರೆ ಬೇರೆ ಮಾಡಿ, ಹಿತ್ತಿಲ ಬಾಗಿಲಿನಿಂದ ಸಾಗಿಸುತ್ತಾರಂತೆ. ಎರಡು ವರ್ಷದಿಂದ! ಕಿರಿಯವಳು ನನ್ನ ಕೈ ಹಿಡಿಯುವುದೊಂದು ಬಾಕಿ: “ಮೇಷ್ಟ್ರೇ, ದಮ್ಮಯ್ಯ, ಒಂದು ಅಂತ ಬರ್ಕೊಳ್ಳಿ, ಆದ್ರೆ ಅವರಿಗೆ ಹೇಳ್ಬೇಡಿ.” ಒಂದು ಎಂದೇ ಬರೆದೆ. ಅಣ್ಣ ದಿನಾ ಊಟ ಮಾಡಿ, “ಅವನ ಮನೇಲಿ ಇಂಥ ರುಚಿ ಎಲ್ಲಿ ಬರ್ಬೇಕು” ಎನ್ನುತ್ತಾನಂತೆ.

ನಾನು ನಗುತ್ತಾ ಬರೆಯುತ್ತಿದ್ದೇನೆ. ನೀನಿದ್ದಿದ್ದರೆ ಸಂಜೆ ಬಂದ ತಕ್ಷಣ ಚಪ್ಪಲಿ ಬಿಡುವ ಮೊದಲೇ ಇದನ್ನೆಲ್ಲ ಹೇಳುತ್ತಿದ್ದೆ. ಈಗ ಬೀಗ ತೆಗೆದು, ಫ್ಯಾನು ಹಾಕಿ, ಗೋಡೆಗೆ ಹೇಳಲು ಬಾಯಿ ಬರುವುದಿಲ್ಲ.

ನೂರ ಹದಿನೆಂಟನೇ ಮನೆಯದು ಮಾತ್ರ ನಗುವ ಸಂಗತಿಯಲ್ಲ. ಅದು ಮೂಲೆಯ ಇಸ್ತ್ರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಒಂದೇ ಕೋಣೆ. ಗಂಡ ಬಟ್ಟೆಗೆ ನೀರು ಚಿಮುಕಿಸುತ್ತಾನೆ, ಹೆಂಡತಿ ಇಸ್ತ್ರಿ ಹಾಕುತ್ತಾಳೆ. ಹೆಸರು, ವಯಸ್ಸು, ಕಸುಬು ಎಲ್ಲ ಸರಸರ ಆಯಿತು. ಆಮೇಲೆ ಹೆಂಗಸರಿಗೆ ಮಾತ್ರ ಕೇಳುವ ಎರಡು ಪ್ರಶ್ನೆ ಬರುತ್ತವೆ. ಹುಟ್ಟಿದ ಮಕ್ಕಳು ಎಷ್ಟು? ಈಗ ಇರುವವರು ಎಷ್ಟು? ಎಲ್ಲ ಮನೆಯಲ್ಲೂ ಕೇಳಿದ ಹಾಗೆ ಕೇಳಿದೆ, ತಲೆ ಎತ್ತದೆ.

“ನಾಲ್ಕು” ಎಂದಳು. ಬರೆದೆ.

“ಈಗ ಇರೋರು?”

ನೋಡಿದರೆ ಅವಳು ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು, ಅಂಗಿಯೊಂದರ ಕಾಲರನ್ನು ಬೆರಳಿನಿಂದ ಸರಿಮಾಡುತ್ತಾ ನಿಂತಿದ್ದಳು. ಒಳಗೆ ಮೂರು ಮಕ್ಕಳು ಕುಳಿತು ಓದುತ್ತಿದ್ದದ್ದು ನನಗೇ ಕಾಣುತ್ತಿತ್ತು. ಎಣಿಸಲು ಏನೂ ಕಷ್ಟವಿರಲಿಲ್ಲ. ನಾನು ಗಂಡನ ಕಡೆ ನೋಡಿದೆ, ಬೇಗ ಹೇಳಿ ಮುಗಿಸಲಿ ಎಂದು. ಅವನು ಚೊಂಬು ಕೆಳಗಿಟ್ಟು, ನನ್ನ ಮುಖ ನೋಡಿ, “ಅವ್ಳು ಏನ್ ಹೇಳ್ತಾಳೋ ಅದನ್ನೇ ಬರ್ಕೊಳ್ಳಿ ಸಾರ್. ನಿಧಾನಕ್ಕೆ ಹೇಳ್ಲಿ” ಎಂದ. ಅಷ್ಟೇ ಹೇಳಿ ಮತ್ತೆ ನೀರು ಚಿಮುಕಿಸತೊಡಗಿದ.

ಅಂಗಿಯನ್ನು ಮಡಚಿಟ್ಟ ಮೇಲೆ ಅವಳೇ, “ಮೂರು ಅಂತ ಹಾಕಿ” ಎಂದಳು. ಆಮೇಲೆ, “ಲೆಕ್ಕಕ್ಕೆ ಮೂರೇ ಅಂತ ನಂಗೂ ಗೊತ್ತು ಮೇಷ್ಟ್ರೇ. ಆದ್ರೆ ಹತ್ತು ವರ್ಷಕ್ಕೊಂದ್ ಸಲ ನೀವ್ ಬಂದು ಕೇಳ್ತೀರ. ಮಧ್ಯದಲ್ಲಿ ಯಾರೂ ಕೇಳಲ್ಲ” ಎಂದಳು.

ನನಗೆ ಪೆನ್ಸಿಲ್ ಓಡಲಿಲ್ಲ. ನೀರು ಕೇಳಿ ಕುಡಿದೆ. ಆವತ್ತು ಇನ್ನೂ ಆರು ಮನೆ ಮಾಡಬೇಕಿತ್ತು, ಮಾಡಲಾಗಲಿಲ್ಲ. ಮನೆಗೆ ಬಂದುಬಿಟ್ಟೆ. ಅದಾದ ಮೇಲೆ ಆ ಪ್ರಶ್ನೆ ಕೇಳುವಾಗಲೆಲ್ಲ ತಲೆ ಎತ್ತಿಯೇ ಕೇಳುತ್ತಿದ್ದೇನೆ. ಕೆಲವರು ತಟಕ್ಕನೆ ಹೇಳುತ್ತಾರೆ, ಕೆಲವರು ಒಳಗೊಂದು ಸಲ ಎಣಿಸಿ ಹೇಳುತ್ತಾರೆ. ನೂರ ನಲವತ್ತೆರಡು ಮನೆಗಳಲ್ಲಿ ಹದಿನೇಳು ಮನೆಯಲ್ಲಿ ಎರಡು ಉತ್ತರಗಳೂ ಒಂದೇ ಅಲ್ಲ. ನಮ್ಮ ಬೀದಿಯಲ್ಲಿ ಹದಿನೇಳು ಮನೆ! ದಿನಾ ಬೆಳಿಗ್ಗೆ ನಮಸ್ಕಾರ ಹೇಳುವ ಜನ. ಒಬ್ಬರದೂ ನನಗೆ ತಿಳಿದಿರಲಿಲ್ಲ.

ಸರಿ, ಪತ್ರ ಉದ್ದವಾಯಿತು. ನೀನು ಕಿಟಕಿಯಲ್ಲಿಟ್ಟು ಹೋದ ಬಳ್ಳಿಗೆ ನೀರು ಹಾಕುತ್ತಿದ್ದೇನೆ, ಅದು ಕರ್ಟನ್ ಹಿಡಿದುಕೊಂಡು ಮೇಲೆ ಹೋಗಿದೆ. ಕರ್ಟನ್ ಒಗೆಯುವಂತಿಲ್ಲ ಎಂದು ನನಗೊಂದು ನೆಪ ಸಿಕ್ಕಿದೆ. ಬಿ.ಪಿ. ಮಾತ್ರೆ ತಪ್ಪಿಸಬೇಡ. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು. ಅವರ ಮೊಮ್ಮಕ್ಕಳಿಗೆ ಆಶೀರ್ವಾದ; ಚೆನ್ನಾಗಿ ಓದಲಿ, ಚೆನ್ನಾಗಿ ಜಗಳವೂ ಆಡಲಿ. ನಿನಗೆ ಎಲ್ಲ ಒಳ್ಳೆಯದಾಗಲಿ. ಎಲ್ಲಿದ್ದರೂ ಸರಿ ಎಂದು ಬರೆಯಬೇಕು, ಆದರೆ ಕೈ ಬರುತ್ತಿಲ್ಲ.

ಇತಿ, ನಿನ್ನ
ಲೆಕ್ಕದ ಮೇಷ್ಟ್ರು

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಹೇಳಬೇಕಾದದ್ದನ್ನೇ ಹೇಳಿರಲಿಲ್ಲ.

ಹತ್ತು ವರ್ಷದ ಹಿಂದೆ ಇದೇ ಗಣತಿಗೆ ನಮ್ಮ ಮನೆಗೂ ಒಬ್ಬಳು ಹುಡುಗಿ ಬಂದಿದ್ದಳು. ನಮ್ಮ ಪುಟ್ಟಿ ಹೋಗಿ ಹನ್ನೊಂದು ತಿಂಗಳಾಗಿತ್ತು. ನೀನು ಜಗುಲಿಯಲ್ಲಿ ಕುಳಿತು ಹೇಳುತ್ತಿದ್ದೆ, ನಾನು ಒಳಗೆ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಹುಟ್ಟಿದ ಮಕ್ಕಳು ಎಷ್ಟು ಎಂದಳು. ನೀನು “ಒಂದು” ಎಂದೆ. ಈಗ ಇರುವವರು ಎಷ್ಟು ಎಂದಳು. ನೀನು ಆಗಲೂ “ಒಂದು” ಎಂದೆ. ಆಗ ನಾನು ಮುಖಕ್ಕೆ ಸೋಪು ಮೆತ್ತಿಕೊಂಡೇ ಒಳಗಿನಿಂದ ಕೂಗಿದೆ: “ಸೊನ್ನೆ ಅಂತ ಬರ್ಕೊಳ್ಳಮ್ಮಾ! ಲೆಕ್ಕ ತಪ್ಪಾಗ್ಬಾರ್ದು.”

ಅವಳು ಅಳಿಸಿ ಬರೆದುಕೊಂಡಳು. ನೀನು ಎದ್ದು ಅಡುಗೆಮನೆಗೆ ಹೋದೆ. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ನಾನು ಮರೆತೇಬಿಟ್ಟೆ, ದೇವರಾಣೆ. ಹೋದ ಜೂನ್‌ನಲ್ಲಿ ನನ್ನನ್ನು ಗಣತಿಗೆ ಹಾಕಿದ ಆದೇಶ ಬಂತಲ್ಲ, ನಮೂನೆಯ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ನಿನಗೆ ಉತ್ಸಾಹದಿಂದ ವಿವರಿಸಿದೆನಲ್ಲ, ನೀನು ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದೆ. ಮರುದಿನ ಪೆಟ್ಟಿಗೆ ಕಟ್ಟಿದೆ. ನಾನು ಅಕ್ಕನ ಮಂಡಿ ಎಂದುಕೊಂಡೆ. ಎಂಥ ದಡ್ಡ ನಾನು! ಇಸ್ತ್ರಿಯವನು ಚೊಂಬು ಕೆಳಗಿಟ್ಟು ಆ ಮಾತು ಹೇಳುವ ತನಕ ನನಗೆ ತಿಳಿಯಲಿಲ್ಲ. ತಪ್ಪಾಯಿತು ಕಣೇ. ಹತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ, ತಪ್ಪಾಯಿತು.

ಪುಟ್ಟಿ ಏಳನ್ನು ಬಿಟ್ಟೇ ಎಣಿಸುತ್ತಿದ್ದಳಲ್ಲ. ತಾರಸಿಯ ಹದಿಮೂರು ಮೆಟ್ಟಿಲಿಗೆ ಹದಿನಾಲ್ಕು ಎನ್ನುತ್ತಿದ್ದಳು. ನಾನು ಪ್ರತಿ ಸಲವೂ ತಿದ್ದುತ್ತಿದ್ದೆ. “ಬಿಡ್ರೀ, ತಾರಸಿ ಸಿಕ್ತಲ್ಲ ಅವ್ಳಿಗೆ” ಎಂದು ನೀನು ನಗುತ್ತಿದ್ದೆ. ಮೊನ್ನೆ ಬಟ್ಟೆ ಒಣಹಾಕಲು ಹೋಗುವಾಗ ಅವಳ ಹಾಗೆಯೇ ಎಣಿಸಿಕೊಂಡು ಹತ್ತಿದೆ. ಹದಿನಾಲ್ಕೇ ಬಂತು.

ಗಣತಿಯ ಕೈಪಿಡಿಯಲ್ಲಿ ಒಂದು ಸಾಲಿದೆ. ತರಬೇತಿಯಲ್ಲಿ ಕೆಂಪು ಗೆರೆ ಎಳೆದುಕೊಂಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ: ಈ ಪ್ರಶ್ನೆಯನ್ನು ಆ ಹೆಂಗಸನ್ನೇ ಕೇಳಬೇಕು, ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ಪಕ್ಕದವರು ಉತ್ತರ ಕೊಡಬಾರದು. ಹಾಗಾಗಿ ನಮ್ಮ ಮನೆಯ ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ಇಪ್ಪತ್ತೆಂಟರೊಳಗೆ ಬಂದರೆ ಜಗುಲಿಯಲ್ಲಿ ಕೂರಿಸಿ ಎಲ್ಲರನ್ನು ಕೇಳಿದ ಹಾಗೆ ನಿನ್ನನ್ನೂ ಕೇಳುತ್ತೇನೆ. ಒಂದು ಎಂದರೆ ಒಂದು ಎಂದೇ ಬರೆಯುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ, ಅಲ್ಲಿಗೆ ಬರುವವರಿಗೆ ಧೈರ್ಯವಾಗಿ ಒಂದು ಎನ್ನು. ಈ ಸಲ ಒಳಗಿನಿಂದ ಯಾರೂ ಕೂಗುವುದಿಲ್ಲ.