ಅಂಗೈಯ ಕೆಳಗೊಂದು ಅಂಗೈ

ರಾಜಾಜಿನಗರ, ಬೆಂಗಳೂರು
೧೮-೩-೧೯೫೬

ಮಾತೃಸಮಾನರಾದ ಶಿವಕ್ಕ ಅತ್ತಿಗೆಯವರಿಗೆ ನಿಮ್ಮ ತಮ್ಮನ ಹೆಂಡತಿ ಬಸವರಾಜೇಶ್ವರಿ ಮಾಡುವ ಶರಣಾರ್ಥಿಗಳು.

ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಬಿಟ್ಟಿದ್ದೇನೆ. ಇವರಿಗೆ ಲಕ್ವ ಹೊಡೆದದ್ದು ತಂತಿಯಲ್ಲೇ ತಿಳಿದಿರುತ್ತದೆ. ಈಗ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ. ಎಡಗೈ, ಎಡಗಾಲು ಬಿದ್ದುಹೋಗಿವೆ. ಮಾತು ತೊದಲು, ಒಂದೂ ಅರ್ಥವಾಗುವುದಿಲ್ಲ. ಹಟ ಮಾತ್ರ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಬೆನ್ನು ನೆಟ್ಟಗೆ ಕೂರಿಸಿ ಚಮಚ ಚಮಚವಾಗಿ ಗಂಜಿ ಕೊಡಮ್ಮ, ಮಲಗಿಸಿ ಕುಡಿಸಿದ್ರೆ ಶ್ವಾಸಕ್ಕೆ ಹೋಗುತ್ತೆ, ನೀರು ಕಡಿಮೆಯಾದ್ರೆ ಮೈ ಇನ್ನೂ ಸೋಲುತ್ತೆ ಅಂತ ಡಾಕ್ಟರು ಹೇಳಿ ಕಳಿಸಿದರು. ಹೇಳುವುದಕ್ಕೇನು! ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದಾಗ ನರಕ್ಕೆ ಸೂಜಿ ಚುಚ್ಚಿ ನೀರು ಏರಿಸಿದ್ದರು. ಲಿಂಗಪೂಜೆಯಾಗದೆ ಇವರು ಎಂದಾದರೂ ನೀರು ಮುಟ್ಟಿದ್ದುಂಟೇ? ಎತ್ತಿ ಆಡಿಸಿದವರು ನೀವು, ನಿಮಗೆ ಗೊತ್ತಿಲ್ಲದ್ದಲ್ಲ. ಲಿಂಗವನ್ನು ಎಡಗೈಯಲ್ಲಿ ಹಿಡಿದು ತಾನೇ ಪೂಜೆ? ಆ ಕೈಯೇ ನಿಲ್ಲುವುದಿಲ್ಲ. ಬಂದ ದಿನವೇ ಲಿಂಗ ಜಾರಿ ತೊಡೆಯ ಮೇಲೆ ಬಿತ್ತು. ಆಮೇಲೆ ಚಮಚ ಹತ್ತಿರ ತಂದರೆ ತುಟಿ ಬಿಗಿ. ಬೇಡಿಕೊಂಡೆ, ಬೈದೆ, ಗೋಡೆಗೆ ಮುಖ ಮಾಡಿ ಅತ್ತೂ ಬಿಟ್ಟೆ.

ಮಾರನೆಯ ಬೆಳಿಗ್ಗೆ ಮಠದ ಗುರುಸಿದ್ದಯ್ಯನವರು ನೋಡಲು ಬಂದರು. ಇವರ ಅಂಗೈಯ ಕೆಳಗೆ ತಮ್ಮ ಅಂಗೈ ಒಡ್ಡಿ, ಕೈ ಯಾರದಾದ್ರೇನಪ್ಪಾ, ಲಿಂಗ ನಿಂದೇ ತಾನೆ, ಮಾಡು ಅಂದರು. ನಾನು ಇವರ ಬೆನ್ನಿಗೆ ಆಸರೆಯಾಗಿ ಕೂತೆ. ಇವರು ಬಲಗೈಯಿಂದ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಒಂದು ಬಟ್ಟಲು ರಾಗಿ ಗಂಜಿ ಕುಡಿದರು ಅತ್ತಿಗೆ! ನನಗೆ ಹೋದ ಜೀವ ಬಂದಂತಾಯಿತು.

ಅಯ್ಯನವರು ಅಂದೇ ಊರಿಗೆ ಹೊರಟುಹೋದರು. ನಿನ್ನೆಯಿಂದ ನಾನೊಬ್ಬಳೇ. ಅಂಗೈ ಹಿಡಿದರೆ ಬೆನ್ನು ವಾಲುತ್ತದೆ, ಬೆನ್ನು ಹಿಡಿದರೆ ಅಂಗೈ ಜಾರುತ್ತದೆ. ದಿಂಬು ಒತ್ತುಕೊಟ್ಟೆ, ಕುರ್ಚಿಗೆ ಪಂಚೆಯಿಂದ ಕಟ್ಟಿಯೂ ನೋಡಿದೆ, ಮೈ ನಿಲ್ಲಲಿಲ್ಲ. ಪಕ್ಕದ ಮನೆಯ ಹನುಮಕ್ಕ, ನಾನ್ ಹಿಡ್ಕೋತೀನಿ ಬಿಡಿ ಬಸಮ್ಮ ಅಂತ ಬಂದಳು. ಪರಹೆಂಗಸು ಮೈ ಮುಟ್ಟಬಾರದೆಂದು ಇವರು ಮುಖ ತಿರುಗಿಸಿದರು. ಪಾಪ, ಆಕೆ ಬೀದಿ ನಲ್ಲಿಯಿಂದ ಎರಡು ಕೊಡ ನೀರು ತಂದಿಟ್ಟು ಹೋದಳು. ಮನೆಯಲ್ಲಿ ಅಷ್ಟು ನೀರಿದೆ, ಇವರ ತುಟಿ ಒಡೆದಿದೆ. ನಾನೇನು ಮಾಡಲಿ ಹೇಳಿ?

ಮಗಳ ಬಾಣಂತನ ಬಿಟ್ಟು ನೀವು ದಾವಣಗೆರೆಯಿಂದ ಬರುವುದು ಸರಿಯಲ್ಲ. ಬರಬೇಡಿ. ನಾನು ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ, ಗಟ್ಟಿಯಾಗಿದ್ದೇನೆ. ಹೇಗೋ ನಿಭಾಯಿಸುತ್ತೇನೆ. ಮಗುವಿಗೆ ನನ್ನ ಮುತ್ತು.

ನಿಮ್ಮ ಆಶೀರ್ವಾದ ಬೇಡುವ,
ಬಸವರಾಜೇಶ್ವರಿ

ಮತ್ತೆ ಬರೆದದ್ದು: ಉಣ್ಣುತ್ತಿದ್ದೇನೆ ಎಂದದ್ದು ಸುಳ್ಳು. ಇವರು ಕುಡಿಯದೆ ನನ್ನ ಗಂಟಲಲ್ಲಿ ಏನೂ ಇಳಿಯಲಿಲ್ಲ. ಈ ಬೆಳಿಗ್ಗೆ ಇವರನ್ನು ಎತ್ತಿ ಕೂರಿಸುವಾಗ ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದೆ. ಇವರು ಬಲಗೈ ಚಾಚಿ, ತಮಗಿಟ್ಟಿದ್ದ ಗಂಜಿಯ ಬಟ್ಟಲನ್ನು ನನ್ನ ಕಡೆ ತಳ್ಳಿದರು. ನಾನು ಕುಡಿದುಬಿಟ್ಟೆ ಅತ್ತಿಗೆ, ಒಂದು ತೊಟ್ಟೂ ಉಳಿಸದೆ. ಇವರು ಒಣತುಟಿಯಲ್ಲೇ ನೋಡುತ್ತಿದ್ದರು. ಬನ್ನಿ.